ನೀರುಬಾಗಿಲಿನ ಶಾಸ್ತ್ರಶ್ರವಣ

ರಾಜ್ಯವನ್ನು ಕಳೆದುಕೊಂಡ ಜನಾಂಗವು ಯಾವುದನ್ನು ಆಶ್ರಯಿಸಿ ಬದುಕಬಲ್ಲದು? ಅಸ್ಸೀರಿಯ ಮತ್ತು ಬಾಬಿಲೋನ್ ದೇಶಗಳ ದಂಡಯಾತ್ರೆಗಳಲ್ಲಿ ನೆಲೆತಪ್ಪಿದ ಜನಗಳು ಅನೇಕರುಂಟು. ಅವರಲ್ಲಿ ಬಹುಮಂದಿ ಕೆಲವು ತಲೆಮಾರುಗಳೊಳಗೆ ಪರದೇಶದ ಜನಸಮುದ್ರದಲ್ಲಿ ಕರಗಿಹೋದರು. ಯೆಹೂದ್ಯರು ಹಾಗೆ ಕರಗಲಿಲ್ಲ. ಇದರ ಕಾರಣವನ್ನು ಅರಸಹೊರಟವನು ಅವರ ಅರಸರ ಚರಿತ್ರೆಯನ್ನು ಓದುವುದಕ್ಕಿಂತಲೂ, ಅರಸೊತ್ತಿಗೆಯೆಲ್ಲ ಅಳಿದ ಮೇಲೆ ಒಂದು ದಿನ ಯೆರೂಸಲೇಮಿನ ಬಯಲಿನಲ್ಲಿ ನಡೆದ ಗ್ರಂಥವಾಚನವನ್ನು ಪರ್ಯಾಲೋಚಿಸುವುದು ಲೇಸು. ಹೀಬ್ರೂ ಧರ್ಮಗ್ರಂಥಗಳಲ್ಲಿ ನೆಹೆಮೀಯನ ಹೆಸರಿನ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ ಅದರ ವರ್ಣನೆಯಿದೆ. ಆ ದಿನ ಏನು ನಡೆಯಿತು, ಅದರಿಂದ ಏನು ಫಲಿಸಿತು, ಆ ಫಲದಲ್ಲಿ ಸಿಹಿಯೆಷ್ಟು ಕಹಿಯೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ತಿಳಿಯಬೇಕು. ಕ್ರಿ. ಪೂ. ೫೮೬ರ ಸುಮಾರಿಗೆ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು, ಸೊಲೊಮೋನನು ಕಟ್ಟಿಸಿದನೆಂದು ಪ್ರಸಿದ್ಧವಾದ ದೇವಾಲಯವನ್ನು ಸುಟ್ಟು, ಕೋಟೆಯನ್ನು ಕೆಡವಿಸಿ, ಪ್ರಮುಖ ಕುಟುಂಬಗಳನ್ನು ಸೆರೆಯೊಯ್ದನು. ದಾವೀದನ ವಂಶದ ಸಿಂಹಾಸನವು ಅಂದಿಗೆ ಮುಗಿಯಿತು. ಕ್ರಿ. ಪೂ. ೫೩೯ರಲ್ಲಿ ಪಾರಸಿಕ ಚಕ್ರವರ್ತಿಯಾದ ಕೋರೆಷನು ಬಾಬಿಲೋನನ್ನು ಗೆದ್ದನು. ಸೆರೆಹೋದವರು ಮರಳಬಹುದೆಂದು ಮರುವರ್ಷ ಅವನು ಅಪ್ಪಣೆಯಿತ್ತನೆಂದು ಯೆಹೂದ್ಯರ ಗ್ರಂಥಗಳು ಹೇಳುತ್ತವೆ. ೧೮೭೯ರಲ್ಲಿ ಬಾಬಿಲೋನಿನ ಹಾಳುಬಿದ್ದ ನೆಲದಲ್ಲಿ ದೊರೆತ ಕೋರೆಷನ ಮಣ್ಣಿನ ಶಾಸನದಲ್ಲಿ ಯೆಹೂದ್ಯರ ಹೆಸರಿಲ್ಲ; ಆದರೆ ನಾನಾ ದೇಶಗಳ ದೇವತೆಗಳನ್ನು ಅವರವರ ಸ್ಥಾನಗಳಿಗೆ ಕಳುಹಿಸಿದೆನೆಂಬ ಮಾತುಂಟು. ಆದುದರಿಂದ ಅವನ ರಾಜನೀತಿಯು ಈ ತೆರನಾದುದೆಂಬುದಕ್ಕೆ ಹೊರಗಣ ಸಾಕ್ಷ್ಯವೂ ದೊರೆತಂತಾಯಿತು.

ಮರಳಿ ಬಂದವರ ಒಟ್ಟು ಲೆಕ್ಕವನ್ನು ಆ ಗ್ರಂಥಗಳು ೪೨,೩೬೦ ಎಂದು ಕೊಡುತ್ತವೆ. ದಾಸದಾಸಿಯರು ಇದಕ್ಕೆ ಹೊರಗು. ಬಾರದೆ ಉಳಿದವರೂ ಅನೇಕರು. ನಿಪ್ಪೂರ್ ಎಂಬ ನಗರದಲ್ಲಿ ದೊರೆತ ಮುರಾಶೂ ಮನೆತನದ ವ್ಯವಹಾರಪತ್ರಗಳಲ್ಲಿ ಕ್ರಿ. ಪೂ. ಐದನೆಯ ಶತಮಾನದ ಉತ್ತರಾರ್ಧದಲ್ಲಿಯೂ ಯೆಹೂದ್ಯ ಹೆಸರುಗಳು ಕಾಣುತ್ತವೆ. ಅಲ್ಲಿ ಹೊಲವೂ ವ್ಯವಹಾರವೂ ಇದ್ದವರು ಪಾಳುಬಿದ್ದ ಊರಿಗೆ ಹೊರಡಲು ಹಿಂಜರಿದುದು ಸಹಜವೇ ಸರಿ. ಹೊರಟು ಬಂದವರು ಕಂಡದ್ದು ಬಡತನವನ್ನು. ಜೆರುಬ್ಬಾಬೆಲನೂ ಮಹಾಯಾಜಕನಾದ ಯೇಷೂವನೂ ಮುಂದಾಗಿ, ಹಗ್ಗಾಯ ಜೆಕರ್ಯರೆಂಬ ಪ್ರವಾದಿಗಳು ಹುರಿದುಂಬಿಸಿ, ಕ್ರಿ. ಪೂ. ೫೧೫ರಲ್ಲಿ ದೇವಾಲಯವು ಮತ್ತೆ ಎದ್ದಿತು. ಹಳೆಯ ದೇವಾಲಯವನ್ನು ಕಂಡಿದ್ದ ಮುದುಕರು ಹೊಸದರ ಅಸ್ತಿಭಾರವನ್ನು ನೋಡಿ ಗಟ್ಟಿಯಾಗಿ ಅತ್ತರಂತೆ.

ದೇವಾಲಯವೇನೋ ಆಯಿತು, ಬಲಿಪೂಜೆಗಳೂ ನಡೆದವು. ಆದರೂ ಎಪ್ಪತ್ತು ವರ್ಷಗಳ ಮೇಲೆ, ಕ್ರಿ. ಪೂ. ೪೪೫ರಲ್ಲಿ, ಅರಸನಾದ ಅರ್ತಷಸ್ತನಿಗೆ ಪಾನಪಾತ್ರೆಯನ್ನೊದಗಿಸುವ ಅಧಿಕಾರಿಯಾಗಿದ್ದ ನೆಹೆಮೀಯನು ದೇಶಾಧಿಪತಿಯಾಗಿ ಶೂಷನ್ ನಗರದಿಂದ ಬಂದಾಗ ಊರ ಗೋಡೆ ಬಿದ್ದೇ ಇದ್ದಿತು. ಬಾಗಿಲುಗಳು ಸುಟ್ಟೇ ಇದ್ದವು. ಅವನು ಮನೆಮನೆಗೂ ಪಾಲು ಹಂಚಿ ೫೨ ದಿನಗಳಲ್ಲಿ ಗೋಡೆಯನ್ನು ಮುಗಿಸಿದನು. ಗೋಡೆಯ ಹೊರಗಣ ವೈರಿಗಳಿಗಿಂತ ಒಳಗಣ ಸಂಕಟವು ದೊಡ್ಡದಾಗಿದ್ದಿತು. ಬಡವರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟು ಧಾನ್ಯ ತಂದಿದ್ದರು. ಅರಸನ ಕಂದಾಯಕ್ಕಾಗಿ ಸಾಲಮಾಡಿದ್ದರು. ಕೊನೆಗೆ ಹೆತ್ತ ಮಕ್ಕಳನ್ನೇ ಸ್ವಜನರಿಗೆ ಜೀತಕ್ಕೆ ಕೊಟ್ಟಿದ್ದರು. ನೆಹೆಮೀಯನು ಧನಿಕರನ್ನು ಸಭೆಯಲ್ಲಿ ನಿಲ್ಲಿಸಿ ಗದರಿಸಿ, ಒತ್ತೆಯ ಭೂಮಿಯನ್ನೂ ಬಡ್ಡಿಯನ್ನೂ ಹಿಂದಕ್ಕೆ ಕೊಡಿಸಿದನು. ದೇವಾಲಯವಿದ್ದೂ ಗೋಡೆಯಿದ್ದೂ, ಒಂದೇ ಧರ್ಮದವರೆಂಬ ಭಾವವು ಜನರಲ್ಲಿ ಎಷ್ಟು ಕ್ಷೀಣವಾಗಿತ್ತೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈ ಕಥನವೆಲ್ಲ ಕಲ್ಪಿತವೇನೋ ಎಂದು ಸಂಶಯಪಡುವವರಿಗೆ ಒಂದು ಮಾತು. ನೆಹೆಮೀಯನನ್ನು ವಿರೋಧಿಸಿದ ಸನ್ಬಲ್ಲಟನೆಂಬವನ ಹೆಸರು, ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿದ್ದ ಯೆಹೂದ್ಯ ಸೈನಿಕರು ಕ್ರಿ. ಪೂ. ೪೦೭ರಲ್ಲಿ ಬರೆದ ಪತ್ರದಲ್ಲಿ ಸಮಾರ್ಯದ ಅಧಿಪತಿಯೆಂದು ಬಂದಿದೆ. ಎಜ್ರನ ಕಾಲದ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಮತಭೇದವುಂಟು. ಅವನು ಬಂದದ್ದು ಅರ್ತಷಸ್ತನ ಏಳನೆಯ ವರ್ಷದಲ್ಲಿ. ಆ ಹೆಸರಿನ ಮೊದಲನೆಯ ಅರಸನೆಂದರೆ ಕ್ರಿ. ಪೂ. ೪೫೮, ಎರಡನೆಯವನೆಂದರೆ ೩೯೮ ಆಗುತ್ತದೆ. ಎಜ್ರ ನೆಹೆಮೀಯರಿಬ್ಬರೂ ಒಂದೇ ವೇದಿಕೆಯಲ್ಲಿ ನಿಂತಿದ್ದರೆಂಬುದನ್ನು ಕೆಲವರು ಒಪ್ಪುವುದಿಲ್ಲ. ನಾವಿಲ್ಲಿ ಗ್ರಂಥವು ಹೇಳುವ ಕ್ರಮವನ್ನೇ ಅನುಸರಿಸೋಣ.

ಎಜ್ರನು ಆರೋನನ ವಂಶದ ಯಾಜಕ. ಅದರೊಡನೆ ಶಾಸ್ತ್ರದ ಲಿಪಿಕಾರ, ಎಂದರೆ ಗ್ರಂಥವನ್ನು ಬರೆದು, ಶೋಧಿಸಿ, ಬೋಧಿಸಬಲ್ಲ ಪಂಡಿತ. ಅಲ್ಲಿಯ ಏಳನೆಯ ತಿಂಗಳಿನ ಮೊದಲನೆಯ ದಿನ ಜನರೆಲ್ಲರೂ ನೀರುಬಾಗಿಲಿನ ಮುಂದಣ ಬಯಲಿನಲ್ಲಿ ನೆರೆದರು. ಮೋಶೆಯ ಧರ್ಮಶಾಸ್ತ್ರವನ್ನು ತರಬೇಕೆಂದು ಕೇಳಿದವರು ಜನರೇ ಎಂಬುದು ಗಮನಾರ್ಹ. ಹಿಂದೆ, ಕ್ರಿ. ಪೂ. ೬೨೨ರಲ್ಲಿ, ದೇವಾಲಯದಲ್ಲಿ ದೊರೆತ ಗ್ರಂಥವನ್ನು ಯೋಷೀಯನು ಜನರಿಗೆ ಓದಿಸಿದ್ದುಂಟು; ಆದರೆ ಅದು ಅರಸನ ಆಜ್ಞೆ. ಇಲ್ಲಿ ಅರಸನಿಲ್ಲ, ಕೇಳುವವರ ಹಸಿವೇ ಓದುವವನನ್ನು ಕರೆತಂದಿತು.

ಸ್ಥಳವನ್ನೂ ನೋಡಬೇಕು. ನೀರುಬಾಗಿಲು ದೇವಾಲಯದ ಪ್ರಾಕಾರದೊಳಗಿನದಲ್ಲ. ಎಲ್ಲರೂ ಓಡಾಡುವ ಬಯಲು. ಗಂಡಸರು, ಹೆಂಗಸರು, ಕೇಳಿ ಗ್ರಹಿಸಬಲ್ಲ ಮಕ್ಕಳು, ಎಲ್ಲರೂ ಅಲ್ಲಿದ್ದರು. ಈ ಅಧ್ಯಾಯದಲ್ಲಿ ಬಲಿಯ ಪ್ರಸ್ತಾಪವೇ ಇಲ್ಲ. ಅದಕ್ಕೆಂದೇ ಮಾಡಿಸಿದ್ದ ಮರದ ಅಟ್ಟಣೆಯ ಮೇಲೆ ಎಜ್ರನು ನಿಂತನು. ಬಲಗಡೆ ಆರು ಮಂದಿ, ಎಡಗಡೆ ಏಳು ಮಂದಿ. ಅವನು ಗ್ರಂಥದ ಸುರುಳಿಯನ್ನು ಬಿಚ್ಚಿದೊಡನೆ ಜನರೆಲ್ಲರೂ ಎದ್ದು ನಿಂತರು. ಅವನು ದೇವರನ್ನು ಸ್ತುತಿಸಲು ಕೈಗಳನ್ನೆತ್ತಿ ಆಮೆನ್ ಎಂದು ಎರಡು ಸಲ ನುಡಿದು ನೆಲಮುಟ್ಟಿ ನಮಸ್ಕರಿಸಿದರು. ಬೆಳಕು ಹರಿದಾಗಿನಿಂದ ಮಧ್ಯಾಹ್ನದವರೆಗೆ ವಾಚನವು ನಡೆಯಿತು.

ಅಂದಿನ ಕಾರ್ಯದ ಜೀವಾಳವು ಇನ್ನೊಂದಿದೆ. ಲೇವಿಯರಲ್ಲಿ ಹದಿಮೂರು ಮಂದಿಯ ಹೆಸರನ್ನು ಹೇಳಿ, ಅವರು ಜನರಿಗೆ ಅರ್ಥವನ್ನು ತಿಳಿಸುತ್ತ ಹೋದರೆಂದು ಗ್ರಂಥವು ತಿಳಿಸುತ್ತದೆ. ಗ್ರಂಥದ ಭಾಷೆ ಹೀಬ್ರೂ. ಪಾರಸಿಕ ಸಾಮ್ರಾಜ್ಯದ ಪಶ್ಚಿಮಭಾಗದಲ್ಲಿ ಕಚೇರಿಗಳಿಗೂ ಪೇಟೆಗಳಿಗೂ ಒದಗುತ್ತಿದ್ದ ಭಾಷೆ ಅರಾಮಿಕ್. ಕೆಲವು ಮನೆಗಳ ಮಕ್ಕಳಿಗೆ ಯೆಹೂದ್ಯರ ನುಡಿಯೇ ಬಾರದೆಂದು ನೆಹೆಮೀಯನೇ ಮರುಗಿದ್ದಾನೆ. ಆದುದರಿಂದ ಲೇವಿಯರು ಮಾಡಿದ್ದು ಅರಾಮಿಕ್ ಭಾಷಾಂತರವೆಂದು ಯೆಹೂದ್ಯರ ತಾಲ್ಮುದ್ ಗ್ರಂಥದ ಅಭಿಪ್ರಾಯ. ಭಾಗಭಾಗವಾಗಿ ಬಿಡಿಸಿ ವಿವರಿಸಿದರೆಂದು ಇತರರ ಅಭಿಪ್ರಾಯ. ಯಾವುದಾದರೂ ಆಗಲಿ, ಶಬ್ದವು ಕಿವಿಗೆ ಬಿದ್ದರೆ ಸಾಲದು, ಅರ್ಥವು ಬುದ್ಧಿಗೆ ಮುಟ್ಟಬೇಕೆಂಬ ನಿಶ್ಚಯವು ಸ್ಪಷ್ಟವಾಗಿದೆ. ಅರ್ಥವರಿಯದೆ ವೇದವನ್ನು ಹೊತ್ತವನನ್ನು ಬರಿಯ ಕಂಬಕ್ಕೆ ಹೋಲಿಸುವ ಮಾತು ನಮ್ಮ ಯಾಸ್ಕಾಚಾರ್ಯರ ನಿರುಕ್ತದಲ್ಲಿಯೂ ಇದೆಯಷ್ಟೆ. ಆ ಮಾತು ಅಧ್ಯಯನ ಮಾಡಿದವನನ್ನು ಕುರಿತದ್ದು. ಎಜ್ರನ ಸಭೆಯಲ್ಲಿ ಅದೇ ಹೊಣೆಯು ಹೆಂಗಸರು ಮಕ್ಕಳಾದಿಯಾಗಿ ಸಮಸ್ತ ಜನರ ವಿಷಯದಲ್ಲಿಯೂ ಉಪಾಧ್ಯಾಯರ ಮೇಲೆ ಬಿದ್ದಿತು.

ಅರ್ಥವಾದೊಡನೆ ಜನರು ಅತ್ತರು. ತಾವು ನಡೆಯಬೇಕಾಗಿದ್ದ ದಾರಿಯೂ ನಡೆದ ದಾರಿಯೂ ಬೇರೆಯೆಂದು ತಿಳಿದ ದುಃಖವದು. ಆಗ ನೆಹೆಮೀಯನೂ ಎಜ್ರನೂ ಲೇವಿಯರೂ ಅವರನ್ನು ಸಂತೈಸಿ, ಇದು ಪವಿತ್ರದಿನ, ಅಳತಕ್ಕದ್ದಲ್ಲ, ಮೃಷ್ಟಾನ್ನವನ್ನುಂಡು ಸಿಹಿಪಾನವನ್ನು ಕುಡಿದು, ಏನೂ ಇಲ್ಲದವರಿಗೆ ಪಾಲನ್ನು ಕಳುಹಿಸಿರೆಂದು ಹೇಳಿದರು. ಸಾಲದಲ್ಲಿ ಸ್ವಜನರನ್ನೇ ಜೀತಕ್ಕೆಳೆದಿದ್ದ ಊರಿನಲ್ಲಿ, ಶಾಸ್ತ್ರಶ್ರವಣದ ಮೊದಲನೆಯ ವಿಧಿಯು ಇಲ್ಲದವನ ಮನೆಗೆ ಊಟ ಕಳುಹಿಸುವುದಾಯಿತು.

ನಮ್ಮ ವೇದಾಂತದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯ ದಿನ ಶ್ರವಣ. ಎರಡನೆಯ ದಿನ ಮನನ. ಮರುದಿನ ಕುಟುಂಬಗಳ ಹಿರಿಯರೂ ಯಾಜಕರೂ ಲೇವಿಯರೂ ಎಜ್ರನ ಬಳಿಗೆ ಬಂದು ಗ್ರಂಥವನ್ನು ಕುಳಿತು ವ್ಯಾಸಂಗ ಮಾಡಿದರು. ಆ ತಿಂಗಳಲ್ಲಿ ಪರ್ಣಶಾಲೆಗಳಲ್ಲಿ ವಾಸಿಸಬೇಕೆಂಬ ವಿಧಿಯು ಆಗ ಕಣ್ಣಿಗೆ ಬಿದ್ದಿತು. ಜನರು ಬೆಟ್ಟಕ್ಕೆ ಹೋಗಿ ಆಲಿವ್, ಖರ್ಜೂರ ಮುಂತಾದ ಮರಗಳ ಸೊಪ್ಪಿನ ಕೊಂಬೆಗಳನ್ನು ತಂದು, ಮಾಳಿಗೆಗಳ ಮೇಲೆ, ಅಂಗಳಗಳಲ್ಲಿ, ಬೀದಿಬಯಲುಗಳಲ್ಲಿ ಪರ್ಣಶಾಲೆಗಳನ್ನು ಕಟ್ಟಿದರು. ನೂನನ ಮಗನಾದ ಯೆಹೋಶುವನ ಕಾಲದಿಂದೀಚೆಗೆ ಹೀಗೆ ನಡೆದಿರಲಿಲ್ಲವೆಂದು ಗ್ರಂಥವು ಹೇಳುತ್ತದೆ. ಹಬ್ಬದ ಪ್ರತಿದಿನವೂ ವಾಚನವು ಮುಂದುವರಿಯಿತು. ಗೋಡೆಯನ್ನು ಕಟ್ಟಿ ಮುಗಿಸಿದ ಜನರು ಎಲೆಯ ಗುಡಿಸಲಿನಲ್ಲಿ ಕುಳಿತು, ತಮ್ಮ ಪೂರ್ವಿಕರು ಅರಣ್ಯದಲ್ಲಿ ಮನೆಯಿಲ್ಲದೆ ಅಲೆದುದನ್ನು ನೆನೆದರು.

ಅದೇ ತಿಂಗಳಿನ ಇಪ್ಪತ್ತನಾಲ್ಕನೆಯ ದಿನ ಉಪವಾಸ. ಹಗಲಿನ ಕಾಲುಭಾಗ ವಾಚನ, ಕಾಲುಭಾಗ ಪಾಪನಿವೇದನೆ. ಅನಂತರ ಒಂದು ಪ್ರತಿಜ್ಞಾಪತ್ರವನ್ನು ಬರೆದು ೮೪ ಮಂದಿ ಮುದ್ರೆಯೊತ್ತಿದರು. ಸಬ್ಬತ್ ದಿನದಲ್ಲಿ ಕೊಳ್ಳುವುದಿಲ್ಲ. ಏಳನೆಯ ವರ್ಷ ಭೂಮಿಯನ್ನು ಬೀಡುಬಿಟ್ಟು ಸಾಲವನ್ನು ಬಿಟ್ಟುಬಿಡುತ್ತೇವೆ. ದೇವಾಲಯಕ್ಕೆ ವರ್ಷಕ್ಕೆ ಶೆಕೆಲಿನ ಮೂರನೆಯ ಒಂದು ಪಾಲು, ಸೌದೆ, ಪ್ರಥಮಫಲ, ದಶಮಾಂಶಗಳನ್ನು ಕೊಡುತ್ತೇವೆ ಎಂದು ಒಪ್ಪಂದವಾಯಿತು. ಶ್ರವಣವು ಮನನವಾಗಿ, ಮನನವು ಅನುಷ್ಠಾನದ ಅಂಚಿಗೆ ಬಂದಿತು.

ಆ ಪ್ರತಿಜ್ಞೆಯಲ್ಲಿ ಇನ್ನೊಂದು ಅಂಶವಿದ್ದಿತು: ಅನ್ಯಜನರೊಡನೆ ಕೊಟ್ಟು ತರುವ ಸಂಬಂಧವು ಕೂಡದು. ಇದೇ ಫಲದ ಕಹಿಭಾಗ. ಎಜ್ರನ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ, ಒಂಬತ್ತನೆಯ ತಿಂಗಳಿನ ಸುರಿಮಳೆಯಲ್ಲಿ ನಡುಗುತ್ತ ಕುಳಿತ ಸಭೆಯೊಂದು ಅನ್ಯಜಾತಿಯ ಹೆಂಡಿರನ್ನು ಕಳುಹಿಸಿಬಿಡಲು ಒಪ್ಪಿತೆಂದಿದೆ. ಅಂಥ ಮದುವೆಯಾಗಿದ್ದ ನೂರಕ್ಕೂ ಹೆಚ್ಚು ಗಂಡಸರ ಪಟ್ಟಿಯು ಅಲ್ಲುಂಟು. ಆ ಸ್ತ್ರೀಯರಲ್ಲಿ ಮಕ್ಕಳನ್ನು ಹೆತ್ತವರೂ ಇದ್ದರೆಂದು ಅಲ್ಲಿಯೇ ಹೇಳಿದೆ. ಅವರ ಹೆಸರು ಒಂದೂ ಇಲ್ಲ. ಚಿಕ್ಕ ಜನಾಂಗವು ಕರಗಿಹೋಗುವ ಭಯದಲ್ಲಿ ಹೀಗೆ ಮಾಡಿತೆಂದು ಸಮಾಧಾನ ಹೇಳಬಹುದು. ಆದರೆ ಆ ಮಳೆಯಲ್ಲಿ ಮಗುವನ್ನೆತ್ತಿಕೊಂಡು ಹೊರಡಬೇಕಾದವಳಿಗೆ ಆ ಸಮಾಧಾನವು ಸಲ್ಲುತ್ತದೆಯೆ? ಪರದೇಶದವನನ್ನು ಪ್ರೀತಿಸಬೇಕೆಂಬ ವಿಧಿಯೂ, ಏಳು ವರ್ಷಕ್ಕೊಮ್ಮೆ ಪರ್ಣಶಾಲೆಗಳ ಹಬ್ಬದಲ್ಲಿ ಶಾಸ್ತ್ರವನ್ನು ಓದುವಾಗ ಪರದೇಶದವನನ್ನೂ ಕೂಡಿಸಬೇಕೆಂಬ ವಿಧಿಯೂ ಅದೇ ಧರ್ಮೋಪದೇಶಕಾಂಡದಲ್ಲಿವೆ. ಮೋವಾಬ್ ದೇಶದ ರೂತಳು ದಾವೀದರಾಜನ ಮುತ್ತಜ್ಜಿಯೆಂಬ ಕಥೆಯನ್ನು ಯೆಹೂದ್ಯರೇ ತಮ್ಮ ಧರ್ಮಗ್ರಂಥಗಳಲ್ಲಿ ಸೇರಿಸಿಕೊಂಡರು. ಒಂದೇ ಗ್ರಂಥವು ಬಾಗಿಲನ್ನು ತೆರೆಯಲೂ ಬಲ್ಲದು, ಮುಚ್ಚಲೂ ಬಲ್ಲದು. ಅರ್ಥಹೇಳುವವನ ಹೊಣೆಯು ಎಷ್ಟು ಘನವಾದುದೆಂಬುದನ್ನು ಇದರಿಂದ ತಿಳಿಯಬೇಕು.

ಪ್ರತಿಜ್ಞೆಯೂ ಬಹುಕಾಲ ನಿಲ್ಲಲಿಲ್ಲ. ನೆಹೆಮೀಯನು ಕ್ರಿ. ಪೂ. ೪೩೩ರಲ್ಲಿ ಅರಸನ ಬಳಿಗೆ ಹೋಗಿ, ಕೆಲವು ಕಾಲದ ಮೇಲೆ ತಿರುಗಿ ಬಂದು ನೋಡುವಷ್ಟರಲ್ಲಿ ದಶಮಾಂಶವು ನಿಂತಿತ್ತು; ಲೇವಿಯರು ಹೊಟ್ಟೆಪಾಡಿಗಾಗಿ ತಮ್ಮ ಹೊಲಗಳಿಗೆ ಹೋಗಿದ್ದರು; ಸಬ್ಬತ್ ದಿನದಲ್ಲಿ ತೂರ್ ಪಟ್ಟಣದವರು ಮೀನು ಮಾರುತ್ತಿದ್ದರು. ಒಂದು ದಿನದ ಕಣ್ಣೀರಿನಿಂದ ಜನರು ಶಾಶ್ವತವಾಗಿ ತಿದ್ದಿಕೊಳ್ಳುವುದಿಲ್ಲ. ಹಾಗಾದರೆ ಉಳಿದುದೇನು? ಮುದ್ರೆಯೊತ್ತಿದ ಪತ್ರಕ್ಕಿಂತ ವಾಚನದ ಪದ್ಧತಿಯು ಗಟ್ಟಿಯಾಗಿ ಉಳಿಯಿತು.

ಸೋಮವಾರ ಗುರುವಾರಗಳಂದು ಶಾಸ್ತ್ರವನ್ನು ಓದುವ ನಿಯಮವು ಎಜ್ರನದೇ ಎಂದು ಯೆಹೂದ್ಯ ಸಂಪ್ರದಾಯವು ಹೇಳುತ್ತದೆ. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯರಿಗಾಗಿ ಧರ್ಮಶಾಸ್ತ್ರವು ಗ್ರೀಕ್ ಭಾಷೆಗೆ ಬಂದಿತು. ಅರಾಮಿಕ್ ನುಡಿಯ ಸಭೆಗಳಲ್ಲಿ ವಾಚಕನು ಧರ್ಮಶಾಸ್ತ್ರದ ಒಂದೊಂದೇ ವಾಕ್ಯವನ್ನೋದಿ ನಿಲ್ಲಿಸಬೇಕು, ಭಾಷಾಂತರಕಾರನು ಅದರ ಅರ್ಥವನ್ನು ನುಡಿಯಬೇಕು ಎಂದು ಮಿಷ್ನಾ ಗ್ರಂಥವು ವಿಧಿಸಿತು. ೧೯೧೩ರಲ್ಲಿ ಯೆರೂಸಲೇಮಿನಲ್ಲಿ ಥಿಯೊಡೋಟಸ್ ಎಂಬ ಯಾಜಕನ ಗ್ರೀಕ್ ಶಿಲಾಶಾಸನವು ದೊರೆಯಿತು. ತಾನು ಸಭಾಮಂದಿರವನ್ನು ಕಟ್ಟಿಸಿದ್ದು ಶಾಸ್ತ್ರವಾಚನಕ್ಕಾಗಿಯೂ ವಿಧಿಗಳ ಬೋಧನೆಗಾಗಿಯೂ ಎಂದು ಅವನು ಅದರಲ್ಲಿ ಹೇಳಿದ್ದಾನೆ. ಕ್ರಿ. ಶ. ೭೦ರಲ್ಲಿ ರೋಮನರು ದೇವಾಲಯವನ್ನು ಮತ್ತೆ ಸುಟ್ಟರು. ಬಲಿಪೂಜೆಗಳು ನಿಂತವು. ವಾಚನವು ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಒಂದು ಸುರುಳಿ, ಓದಬಲ್ಲ ಒಬ್ಬ, ಕೇಳಬಯಸುವ ಹತ್ತು ಜನ. ಇಂದಿಗೂ ಅವರು ಐದು ಕಾಂಡಗಳನ್ನು ೫೪ ಭಾಗಗಳಾಗಿ ಹಂಚಿಕೊಂಡು ವರ್ಷಕ್ಕೊಮ್ಮೆ ಓದಿ ಮುಗಿಸಿ, ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.

ಹೀಗೆ ನೆಬೂಕದ್ನೆಚ್ಚರನು ಸುಟ್ಟದ್ದನ್ನು ಜೆರುಬ್ಬಾಬೆಲನು ಕಟ್ಟಿದನು. ಅದನ್ನು ರೋಮನರು ಸುಟ್ಟರು. ನೆಹೆಮೀಯನ ಗೋಡೆಯೂ ಕಾಲವಶವಾಯಿತು. ಎಜ್ರನು ನಿಂತಿದ್ದ ಅಟ್ಟಣೆ ಬರಿಯ ಮರದ್ದು. ಅದು ಎಂದೋ ಮುರಿದುಹೋಗಿರಬೇಕು. ಆದರೆ ಅದರ ಮೇಲಿನಿಂದ ಕೇಳಿದ ಶಾಸ್ತ್ರವನ್ನು, ಪಕ್ಕದಲ್ಲಿ ನಿಂತ ಲೇವಿಯರು ಮನೆಮಾತಿನಲ್ಲಿ ತಿಳಿಯಹೇಳಿದರಾಗಿ, ಜನರು ತಮ್ಮದನ್ನಾಗಿ ಮಾಡಿಕೊಂಡು ಹೊತ್ತುಕೊಂಡು ಹೋದರು. ಗ್ರಂಥಗಳನ್ನುಳ್ಳ ಯಾವ ಜನಾಂಗವೇ ಆಗಲಿ, ಅವುಗಳನ್ನು ಪೂಜೆಯ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದಕ್ಕಿಂತ ಬಯಲಿಗೆ ತಂದು ಎಲ್ಲರಿಗೂ ಅರ್ಥವಾಗುವಂತೆ ಓದಿದರೆ ಅವು ಹೆಚ್ಚು ಕಾಲ ಬಾಳುತ್ತವೆ. ಹಾಗೆ ಓದುವಾಗ ಯಾರನ್ನು ಹೊರಗೆ ನಿಲ್ಲಿಸುತ್ತಿದ್ದೇವೆಂಬುದನ್ನು ಓದುವವನು ಒಮ್ಮೆ ತಲೆಯೆತ್ತಿ ನೋಡುವುದೂ ಅಷ್ಟೇ ಆವಶ್ಯಕವಾದುದು.