ಬೀಡು, ಸತ್ರ, ಬಂಗಲೆ: ಅರಸೀಕೆರೆ-ಬೇಲೂರು-ಹಳೇಬೀಡು ಸೀಮೆಯಲ್ಲಿ ಪಥಿಕರ ವಸತಿ

ಹೊಯ್ಸಳ ದೇವಾಲಯಗಳನ್ನು ಕುರಿತು ನಮ್ಮಲ್ಲಿ ಹುಟ್ಟಿರುವ ಸಾಹಿತ್ಯವು ವಿಪುಲವಾಗಿದೆ. ಜಗತಿಯ ಕೋನಗಳೆಷ್ಟು, ಭಿತ್ತಿಯ ಪಟ್ಟಿಕೆಗಳೆಷ್ಟು, ರೂವಾರಿಗಳ ಹೆಸರೇನು ಎಂಬುದನ್ನೆಲ್ಲ ವಿದ್ವಾಂಸರು ಶ್ರಮವಹಿಸಿ ಗೊತ್ತುಮಾಡಿದ್ದಾರೆ. ಆದರೆ ಆ ದೇವಾಲಯಗಳಿಗೆ ಬಂದ ಪಥಿಕನು ರಾತ್ರಿ ಎಲ್ಲಿ ಮಲಗಿದನು, ಏನನ್ನು ಉಂಡನು, ಅದರ ವೆಚ್ಚವನ್ನು ಯಾರು ಹೊತ್ತರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಈ ಪ್ರಶ್ನೆಯು ಈಗ ಕೇಳತಕ್ಕದ್ದಾಗಿದೆ. ನಗರಗಳ ಹಳೆಯ ಬಡಾವಣೆಗಳಲ್ಲಿ ಹಿಂದಿನವರು ವಾಸವಾಗಿದ್ದ ಮನೆಗಳನ್ನು ಪಾರಂಪರಿಕ ಹೋಟೆಲುಗಳನ್ನಾಗಿ ಮಾರ್ಪಡಿಸುವ ರೂಢಿ ಬಂದಿದೆ; ಬೆಂಗಳೂರಿನ ಮಲ್ಲೇಶ್ವರದಲ್ಲಿ ವಿಲ್ಲಾ ಪೊಟ್ಟಿಪಾಟಿ ಎಂಬ ಮನೆಯು ಹೀಗೆಯೇ ಹೋಟೆಲಾಯಿತು. ಇಂತಹ ಮನೆಯೊಂದರಲ್ಲಿ ತಂಗಿ, ನಸುಕಿನಲ್ಲಿ ಹೊರಟು, ಬೇಲೂರು ಹಳೇಬೀಡುಗಳನ್ನು ನೋಡಿಕೊಂಡು ರಾತ್ರಿಗೆ ಹಿಂದಿರುಗುವವರು ಉಂಟು. ಹಜಾರದ ಕಂಬ, ಕೆಂಪು ನೆಲ, ಉಯ್ಯಾಲೆಮಣೆ ಇವುಗಳೊಡನೆ ಅಲ್ಲಿ ನಮ್ಮ ನಾಡಿನ ಪ್ರಾಚೀನ ಅತಿಥಿಸತ್ಕಾರವೇ ಮುಂದುವರಿದಿದೆಯೆಂಬ ಭಾವನೆಯನ್ನೂ ಅತಿಥಿಗಳಿಗೆ ಒದಗಿಸಲಾಗುತ್ತದೆ. ಆ ಭಾವನೆಗೆ ಇತಿಹಾಸದ ಆಧಾರವೆಷ್ಟು ಎಂಬುದನ್ನು ಹೊಯ್ಸಳರ ಸೀಮೆಯ ನಿದರ್ಶನದಿಂದಲೇ ಪರಿಶೀಲಿಸಬಹುದು.

ಮೊದಲು ಶಬ್ದಗಳನ್ನು ನೋಡೋಣ. 'ಹಳೇಬೀಡು' ಎಂಬಲ್ಲಿಯ 'ಬೀಡು' ಎಂದರೆ ಇಳಿದುಕೊಳ್ಳುವ ಸ್ಥಳ, ಪಾಳೆಯ, ವಾಸಸ್ಥಾನ. 'ಬಿಡು' ಎಂಬ ಧಾತುವಿಗೇ ಬಿಡಾರ, ಬಿಡದಿ ಎಂಬ ಮಾತುಗಳೂ ಸೇರುತ್ತವೆ. ಹೊಯ್ಸಳ ಶಾಸನಗಳು ಅರಸನು ರಾಜ್ಯವಾಳುತ್ತಿದ್ದ ಸ್ಥಳವನ್ನು ನೆಲೆವೀಡು ಎಂದೇ ಕರೆಯುತ್ತವೆ. ಹೊರೆಯನ್ನು ಇಳಿಸಿ ಎತ್ತಿನ ಕೊರಳನ್ನು ಬಿಡಿಸಿದ ಪ್ರಯಾಣಿಕನ ಬಿಡಾರಕ್ಕೂ ಚಕ್ರವರ್ತಿಯ ರಾಜಧಾನಿಗೂ ಕನ್ನಡವು ಒಂದೇ ಬೇರಿನ ಪದವನ್ನು ಬಳಸಿತೆಂಬುದು ಗಮನಾರ್ಹವಾಗಿದೆ. 'ಸತ್ರ'ದ ಚರಿತ್ರೆ ಬೇರೆ ಬಗೆಯದು. ವೈದಿಕದಲ್ಲಿ ಅದು ದೀರ್ಘಕಾಲ ನಡೆಯುವ ಯಾಗ. ಕಾಲಕ್ರಮದಲ್ಲಿ ಅನ್ನವಿಕ್ಕುವ ಸ್ಥಳಕ್ಕೆ ಆ ಹೆಸರು ಬಂದಿತು. ಹಸಿದವನಿಗೆ ಬಡಿಸುವುದೂ ಒಂದು ಯಾಗವೆಂಬ ಭಾವನೆಯು ಈ ಅರ್ಥಪಲ್ಲಟದ ಹಿಂದೆ ಇದ್ದಿರಬೇಕು.

ದಾನಶಾಸನಗಳನ್ನು ಓದುವಾಗ ಕಟ್ಟಡವನ್ನು ಬಿಟ್ಟು ವೆಚ್ಚದ ಬಾಬುಗಳನ್ನು ಗಮನಿಸಿದರೆ ದೇವಾಲಯವು ಬೇರೊಂದು ರೂಪದಲ್ಲಿ ಕಾಣುತ್ತದೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿದಾಗ ಬಿಟ್ಟ ದತ್ತಿಯು ದೇವರ ಅಂಗಭೋಗ ರಂಗಭೋಗಗಳೊಡನೆ ಅಲ್ಲಿನ ವೈಷ್ಣವರ, ಬ್ರಾಹ್ಮಣರ ಮತ್ತು ದೇವಾಲಯದ ಕೆಲಸದವರ ಜೀವನಕ್ಕೂ ಸಂಬಂಧಿಸಿದ್ದಾಗಿತ್ತು. ಆವರಣದ ಪಾಕಶಾಲೆ, ಕಣಜ, ಪ್ರಾಕಾರಕ್ಕೆ ಹೊಂದಿದ ಕಂಬಸಾಲುಗಳ ಕೈಸಾಲೆ ಇವುಗಳನ್ನು ಶಿಲ್ಪವನ್ನು ನೋಡಬಂದವರು ಸಾಮಾನ್ಯವಾಗಿ ಹಾಯ್ದುಹೋಗುತ್ತಾರೆ. ಜನರಿಗೆ ಅಟ್ಟು ಇಕ್ಕುವ ಏರ್ಪಾಡಿಲ್ಲದ ದೇವಾಲಯವನ್ನು ಆ ಕಾಲದವರು ಸಂಪೂರ್ಣವೆಂದು ಎಣಿಸುತ್ತಿರಲಿಲ್ಲ. ಅರಸೀಕೆರೆಯಲ್ಲಿ ಇಮ್ಮಡಿ ಬಲ್ಲಾಳನ ಆಳಿಕೆಯಲ್ಲಿ ರೇಚಣನು 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಜೈನರು ಎಣಿಸುವ ಚತುರ್ವಿಧ ದಾನಗಳಾದ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳಲ್ಲಿ ಮೊದಲನೆಯದು ಆಹಾರವೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹೊಯ್ಸಳ ರಾಜಧಾನಿಯಿಂದ ಉತ್ತರಕ್ಕೆ, ಕಳಚುರ್ಯ ಬಿಜ್ಜಳನ ಆಳಿಕೆಗೆ ಸೇರಿದ್ದ ಬಳ್ಳಿಗಾವೆಯಲ್ಲಿ ಕೋಡಿಯಮಠವೆಂಬ ಶೈವ ಮಠವಿತ್ತು. ಅದರ 1162ರ ಶಾಸನವು ಈ ವ್ಯವಸ್ಥೆಯ ಒಳಗನ್ನು ತೆರೆದು ತೋರಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ ನಡೆಯುತ್ತಿದ್ದ ಆ ಸ್ಥಳದಲ್ಲಿಯೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮಾತ್ರವಲ್ಲದೆ ಕಥೆ ಹೇಳುವವರು, ಹಾಡುವವರು, ವಾದ್ಯಗಾರರು, ನರ್ತಕರು ಮತ್ತು ಬೇರೆ ಬೇರೆ ಮತಗಳ ಭಿಕ್ಷುಗಳು ಅನ್ನವನ್ನು ಪಡೆಯುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಶೈವ ಮಠದ ಪಂಕ್ತಿಯಲ್ಲಿ ಜೈನ ಕ್ಷಪಣಕರಿಗೂ ಸ್ಥಾನವಿದ್ದುದನ್ನು, ಮತಗಳ ಕಲಹವನ್ನೇ ಆ ಶತಮಾನದ ಮುಖ್ಯ ಲಕ್ಷಣವೆಂದು ಬರೆಯುವವರು ಗಮನಿಸಬೇಕು.

ಆದರೆ ನಮ್ಮ ವಿಷಯಕ್ಕೆ ಅತ್ಯಂತ ಮಹತ್ವದ ದಾಖಲೆ ಮುಮ್ಮಡಿ ನರಸಿಂಹನದು. 1279ರಲ್ಲಿ ಅವನು ಹೆಬ್ಬಾಲೆ ಎಂಬ ಗ್ರಾಮದ 645 ನಿಷ್ಕಗಳ ಹುಟ್ಟುವಳಿಯನ್ನು ಕಾಶಿಯಾತ್ರೆಯ ಸಲುವಾಗಿ ಬಿಟ್ಟನು. ವಾರಾಣಸಿಯಲ್ಲಿ ಯಾತ್ರಿಕರು ತುರುಷ್ಕರಿಗೆ ತೆರಬೇಕಾಗಿದ್ದ ಸುಂಕವನ್ನು ಈ ಹಣದಿಂದ ಸಲ್ಲಿಸಬೇಕೆಂಬುದು ದತ್ತಿಯ ಉದ್ದೇಶಗಳಲ್ಲೊಂದು. ಇದರ ಪ್ರಯೋಜನವು ಕನ್ನಡಿಗರಿಗೆ ಮಾತ್ರ ಮೀಸಲಾಗಿರಲಿಲ್ಲ. ತೆಲುಗರು, ತುಳುವರು, ಮಲೆಯಾಳದವರು, ಗೌಡ ಮತ್ತು ತಿರಹುತ ದೇಶಗಳವರೂ ಅದಕ್ಕೆ ಬಾಧ್ಯರಾಗಿದ್ದರು. ದೋರಸಮುದ್ರದ ಅರಸನ ರೈತರು ಬೆಳೆದ ಧಾನ್ಯದ ಹಣವು ನೂರಾರು ಗಾವುದಗಳಾಚೆ, ಅವನ ಅಧಿಕಾರವು ಎಂದೂ ಮುಟ್ಟದ ಊರಿನಲ್ಲಿ, ಅವನ ಪ್ರಜೆಗಳೇ ಅಲ್ಲದವರ ಪ್ರಯಾಣದ ಭಾರವನ್ನು ಹೊರುತ್ತಿದ್ದಿತು. ಇದರಲ್ಲಿ ಕೀರ್ತಿಯ ಆಸೆಯೂ ಪುಣ್ಯದ ಆಸೆಯೂ ಇದ್ದವೆಂಬುದು ದಿಟ. ಇದ್ದರೇನು? ಪಥಿಕನು ಯಾವ ಸೀಮೆಯವನೆಂದು ಕೇಳದೆ ಅವನ ವೆಚ್ಚವನ್ನು ಬೇರೊಬ್ಬರು ಭರಿಸತಕ್ಕದ್ದೆಂಬ ತತ್ತ್ವವು ಈ ದತ್ತಿಯಲ್ಲಿ ಸ್ಪಷ್ಟವಾಗಿದೆ.

ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ಸತ್ಯಯುಗವೆಂದು ಭಾವಿಸಲಾಗದು. ಅನ್ನದಾನವಿದ್ದಲ್ಲೆಲ್ಲ ಪಂಕ್ತಿಭೇದವೂ ಇತ್ತು. ಹೊಲೆಯ ಮಾದಿಗರೆಂದು ಕರೆಯಲ್ಪಟ್ಟ ಜನರಿಗೆ ಬೇಲೂರಿನ ದೇವಾಲಯದೊಳಗೆ ವರ್ಷದಲ್ಲಿ ಕೆಲವು ಗೊತ್ತಾದ ದಿನಗಳಲ್ಲಿ ಮಾತ್ರ ಪ್ರವೇಶವಿತ್ತೆಂಬುದನ್ನು 19ನೆಯ ಶತಮಾನದ ಬರಹಗಳು ಒಂದು ವಿಶೇಷ ಹಕ್ಕೆಂಬಂತೆ ಹೇಳುತ್ತವೆ. ಉಳಿದ ದಿನಗಳಲ್ಲಿ ದೂರದಿಂದ ಬಂದ ಆ ಯಾತ್ರಿಕನಿಗೆ ಕೈಸಾಲೆಯ ನೆರಳೂ ದೊರೆಯುತ್ತಿರಲಿಲ್ಲ. ಸತ್ರದ ಬಾಗಿಲು ತೆರೆದಿತ್ತೆನ್ನುವಾಗ ಯಾರಿಗೆ ಎಂದು ಕೂಡಲೇ ಕೇಳುವುದು ಇತಿಹಾಸಕಾರನ ಕರ್ತವ್ಯ.

1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದಿತು. ಶತಮಾನದ ನಡುವೆ ರಾಜವಂಶವೂ ಅಳಿಯಿತು; ಬೀಡು ಹಳೆಯ ಬೀಡಾಯಿತು. ಬೇಲೂರು ಹಾಗೆ ಬರಿದಾಗಲಿಲ್ಲ. ಇಮ್ಮಡಿ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಅಲ್ಲಿಯ ಮಹಾದ್ವಾರದ ಗೋಪುರವನ್ನು ಮತ್ತೆ ಕಟ್ಟಿಸಿದನು. ಪೂಜೆ ನಿಲ್ಲದೆ ಬಂದುದರಿಂದ ಚೈತ್ರದ ರಥೋತ್ಸವಕ್ಕೆ ಬರುವ ಜನರೂ ನಿಲ್ಲಲಿಲ್ಲ.

19ನೆಯ ಶತಮಾನದಲ್ಲಿ ಹೊಸ ಬಗೆಯ ಪಥಿಕನು ಕಾಣಿಸಿಕೊಂಡನು. ಅವನಿಗೆ ಬೇಕಾದುದು ಪ್ರಸಾದವಲ್ಲ, ನೋಟ. ಓಕ್ಲಿ ಎಂಬ ಆಂಗ್ಲನು 1856ರಲ್ಲಿ ಹಳೇಬೀಡಿನ ದೇವಾಲಯದ ಛಾಯಾಚಿತ್ರಗಳನ್ನು ತೆಗೆದು 1859ರಲ್ಲಿ ಪ್ರಕಟಿಸಿದನು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಇವರ ಗ್ರಂಥವು ಧಾರವಾಡ ಮೈಸೂರುಗಳ ವಾಸ್ತುವನ್ನು ಯೂರೋಪಿನ ವಾಚಕರ ಮುಂದಿಟ್ಟಿತು. ಹೀಗೆ ಓದಿ ಬಂದವರು ಛತ್ರದಲ್ಲಿ ಇಳಿಯುವವರಲ್ಲ. ಅವರಿಗಾಗಿಯೂ ಸಂಚಾರದಲ್ಲಿದ್ದ ಅಧಿಕಾರಿಗಳಿಗಾಗಿಯೂ ಸರ್ಕಾರದ ಪ್ರವಾಸಿ ಬಂಗಲೆಗಳು ಎದ್ದವು. ಬಂಗಲೆಯೆಂಬುದು ಬಂಗಾಳದ ಗುಡಿಸಲಿನ ಮಾದರಿಯಿಂದ ಬಂದ ಹೆಸರು; ಮುಸಾಫಿರಖಾನೆಯೆಂಬುದು ಅರಬ್ಬಿ ಪಾರಸಿಗಳಿಂದ ಬಂದುದು; ಛತ್ರವು ಮುಜರಾಯಿ ಇಲಾಖೆಯ ಪಾಲಿಗೆ ಉಳಿದ ಹಳೆಯ ಧರ್ಮ. ಮೈಸೂರು ಸಂಸ್ಥಾನದಲ್ಲಿ ಈ ಮೂರೂ ಏಕಕಾಲದಲ್ಲಿದ್ದವು. ಯಾರು ಯಾವುದರಲ್ಲಿ ಇಳಿಯತಕ್ಕದ್ದೆಂಬುದನ್ನು ಬಂದವನ ಉಡುಪು, ಜಾತಿ, ಅಂತಸ್ತುಗಳು ನಿರ್ಣಯಿಸುತ್ತಿದ್ದವು. ಜಾತಿಯ ಪಂಕ್ತಿಭೇದವು ಅಳಿಯುವ ಮೊದಲೇ ಅಂತಸ್ತಿನ ಪಂಕ್ತಿಭೇದವೂ ಅದರೊಡನೆ ಸೇರಿಕೊಂಡಿತೆನ್ನಬಹುದು.

ರೈಲು ಬಂದ ಮೇಲೆ ದಾರಿಯೇ ಬದಲಾಯಿತು. 1880ರ ದಶಕದಲ್ಲಿ ಬೆಂಗಳೂರು-ಹರಿಹರ ಮಾರ್ಗವೂ, 20ನೆಯ ಶತಮಾನದ ಮೊದಲ ಭಾಗದಲ್ಲಿ ಹಾಸನದ ಮೇಲೆ ಮೈಸೂರಿಗೆ ಹೋಗುವ ಮಾರ್ಗವೂ ಕೂಡಿದ್ದರಿಂದ ಅರಸೀಕೆರೆಯು ಜಂಕ್ಷನ್ ಆಯಿತು. ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರಿನಲ್ಲಿ ಈಗ ಜನ ತಂಗುತ್ತಿದ್ದುದು ಗಾಡಿ ಬದಲಿಸುವುದಕ್ಕಾಗಿ. ಉತ್ತರದಿಂದ ಶ್ರವಣಬೆಳಗೊಳಕ್ಕೆ ಹೋಗುವ ಜೈನ ಯಾತ್ರಿಕರೂ, ಹುಣ್ಣಿಮೆಗೆ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಬರುವವರೂ ಇಲ್ಲಿಯೇ ಇಳಿಯುತ್ತಿದ್ದರು. ಹಳೇಬೀಡಿಗೆ ಹೋಗುವವರು ಪಕ್ಕದ ಬಾಣಾವರದಲ್ಲಿ ಇಳಿದು ಗಾಡಿ ಹಿಡಿಯಬಹುದಾಗಿತ್ತು. ಅರಸೀಕೆರೆಯ ಈಶ್ವರ ದೇವಾಲಯದ ಮುಂದಿರುವ, 16 ಕೋನಗಳ ನಕ್ಷತ್ರಾಕಾರದ ತೆರೆದ ಮಂಟಪವು ಬೇಲೂರಿನ ಯಾವ ಭಾಗಕ್ಕೂ ಕಡಮೆಯದಲ್ಲ. ಆದರೂ ಗಾಡಿಗಾಗಿ ಗಂಟೆಗಟ್ಟಲೆ ಕಾದವರಲ್ಲಿ ಅದನ್ನು ನೋಡಿದವರು ಸ್ವಲ್ಪವೇ. 2017ರಲ್ಲಿ ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ರೈಲುಮಾರ್ಗ ತೆರೆದ ಮೇಲೆ ಹಾಸನದ ಕಡೆಯ ಪ್ರಯಾಣಿಕರಿಗೆ ಅರಸೀಕೆರೆಯ ಅವಶ್ಯಕತೆಯೂ ತಗ್ಗಿತು.

ಕೊನೆಯ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ರಾಜ್ಯದ ಪ್ರವಾಸೋದ್ಯಮ ನಿಗಮವು 1971ರಲ್ಲಿ ಸ್ಥಾಪಿತವಾಯಿತು. ಬೇಲೂರಿನಲ್ಲಿ ಮಯೂರ ವೇಲಾಪುರಿ, ಹಳೇಬೀಡಿನಲ್ಲಿ ಮಯೂರ ಶಾಂತಲಾ ಎಂಬ ಅದರ ವಸತಿಗೃಹಗಳು, ಒಂದು ಊರಿನ ಹಳೆಯ ಹೆಸರನ್ನೂ ಒಬ್ಬ ರಾಣಿಯ ಹೆಸರನ್ನೂ ಹೊತ್ತಿವೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರಂತಹ ಅತಿಥಿಗಳಿಗಾಗಿ 1921ರಲ್ಲಿ ಕಟ್ಟಿಸತೊಡಗಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಪಾರಂಪರಿಕ ಹೋಟೆಲಿನ ನಿಜವಾದ ಪೂರ್ವಜರು ಇಂತಹ ಅತಿಥಿಗೃಹಗಳು ಮತ್ತು ಬಂಗಲೆಗಳೇ ಹೊರತು ಸತ್ರವಲ್ಲ. ಸತ್ರದಲ್ಲಿ ವೆಚ್ಚವು ದಾನಿಯದು, ಬಂಗಲೆಯಲ್ಲಿ ಬಹುಮಟ್ಟಿಗೆ ಸರ್ಕಾರದ್ದು, ಹೋಟೆಲಿನಲ್ಲಿ ತಂಗಿದವನದೇ. ಈ ವ್ಯತ್ಯಾಸವನ್ನು ಮರೆತು ಮೂರನ್ನೂ ಒಂದೇ ಪರಂಪರೆಯ ಕೊಂಡಿಗಳೆಂದರೆ ಹೆಬ್ಬಾಲೆಯ ದತ್ತಿಯಂತಹ ದಾಖಲೆಯ ಅರ್ಥವೇ ಕೆಟ್ಟುಹೋಗುತ್ತದೆ. ಹೋಟೆಲು ನಡೆಸುವುದು ದೋಷವೆಂದು ಈ ಮಾತಿನ ತಾತ್ಪರ್ಯವಲ್ಲ. ಬಿದ್ದುಹೋಗಬಹುದಾಗಿದ್ದ ಎಷ್ಟೋ ಮನೆಗಳು ಅದರಿಂದಲೇ ಉಳಿದಿವೆ. ಜಾತಿಯನ್ನು ಕೇಳದಿರುವ ಗುಣವೂ ಅದಕ್ಕಿದೆ, ಹಣವನ್ನು ಮಾತ್ರ ಕೇಳುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೆ ಮೊದಲೇ, 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯಿದೆಯು ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರುಗಳಲ್ಲಿ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರುಗಳನ್ನು ನಿಯಂತ್ರಣಕ್ಕೆ ಒಳಪಡಿಸಿತ್ತು. ಶಿಲ್ಪದ ರಕ್ಷಣೆಗೆ ಇದು ಅವಶ್ಯಕವೇ. ಆದರೆ ಸಂರಕ್ಷಿತವಾದುದು ದೇವಾಲಯ. ಅದರ ಸುತ್ತಣ ಬೀದಿಗಳಲ್ಲಿ ರಥೋತ್ಸವಕ್ಕೆ ಬಂದವರನ್ನು ಜಗಲಿಯಲ್ಲಿ ಮಲಗಿಸಿ ಅನ್ನವಿಕ್ಕಿದ ಸಾಮಾನ್ಯರ ಮನೆಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಆ ಮನೆಗಳ ಕಡತ, ಮುಜರಾಯಿ ಛತ್ರಗಳ ಲೆಕ್ಕಪುಸ್ತಕ, ಬಂಗಲೆಗಳ ಸಂದರ್ಶಕರ ಪುಸ್ತಕ ಇವುಗಳನ್ನು ಹುಡುಕಿ ಪ್ರತಿಮಾಡಿಕೊಳ್ಳುವ ಕೆಲಸವು ಹಾಸನ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳ ಕೈಗೆ ನಿಲುಕುವಂತಹದು. ಬಾಣಾವರದಿಂದ ಹಳೇಬೀಡಿಗೆ ಹೋಗುವ ಹಳೆಯ ಗಾಡಿದಾರಿಯಿಂದ ಅದನ್ನು ಆರಂಭಿಸಬಹುದು.