ಡೈನೋಸಾರ್‌ಗಳನ್ನು ಕೊಂದಿದ್ದು ಆಕಾಶವೋ, ನೆಲವೋ?

ವಿಜಯಪುರದ ಗೋಳಗುಮ್ಮಟ ನೋಡಿದ್ದೀರಲ್ವಾ? ಅದನ್ನು ಕಟ್ಟಿರೋ ಕಪ್ಪು ಕಲ್ಲು, ಆ ಸೀಮೆಯ ಹೊಲಗಳ ಎರೆಮಣ್ಣು, ಎರಡರ ಮೂಲವೂ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಆ ಲಾವಾ ಗಟ್ಟಿಯಾಗಿ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ಸ್ ಅಂತ ಹೆಸರು. ಡೈನೋಸಾರ್‌ಗಳು ಅಳಿದಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಹಾಗಾದ್ರೆ ಕೊಲೆಗಾರ ಈ ಲಾವಾನೇನಾ?

1980ರಲ್ಲಿ ಅಮೆರಿಕದ ಲೂಯಿಸ್ ಅಲ್ವಾರೆಜ್, ಅವರ ಮಗ ವಾಲ್ಟರ್ ಮತ್ತು ಸಂಗಡಿಗರು ಬೇರೆಯದೇ ಉತ್ತರ ಕೊಟ್ಟರು: ಆಕಾಶದಿಂದ ಬಿದ್ದ ಕ್ಷುದ್ರಗ್ರಹ. ನೆಲದಲ್ಲಿ ತೀರಾ ಅಪರೂಪವಾದ ಇರಿಡಿಯಂ ಧಾತು ಆ ಕಾಲದ ಜೇಡಿಮಣ್ಣಿನ ಪದರದಲ್ಲಿ ವಿಪರೀತ ಸಿಕ್ಕಿತ್ತು. 1991ರ ಹೊತ್ತಿಗೆ ಮೆಕ್ಸಿಕೊದ ಚಿಕ್ಸುಲೂಬ್ ಕುಳಿಯೂ ಗುರುತಾಯ್ತು. ಕೇಸ್ ಮುಗೀತು ಅಂದುಕೊಂಡರು ಬಹಳ ಜನ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಗೆರ್ಟಾ ಕೆಲ್ಲರ್ ಒಪ್ಪಲಿಲ್ಲ. ಅವರ ಸಾಕ್ಷಿ ಡೈನೋಸಾರ್ ಮೂಳೆಯಲ್ಲ. ಫೊರಾಮಿನಿಫೆರಾ ಅನ್ನೋ ಸಮುದ್ರದ ಏಕಕೋಶ ಜೀವಿಗಳ ಚಿಪ್ಪು. ಮೂಳೆ ಅಲ್ಲೊಂದು ಇಲ್ಲೊಂದು ಸಿಗುತ್ತೆ. ಈ ಚಿಪ್ಪುಗಳು ಸಮುದ್ರದ ಕೆಸರಿನಲ್ಲಿ ಪದರ ಪದರವಾಗಿ ಕೂತಿರ್ತವೆ, ಯಾವ ಜೀವಿ ಯಾವಾಗ ಮಾಯವಾಯ್ತು ಅಂತ ಲೆಕ್ಕ ಹಾಕಬಹುದು. ಡೆಕ್ಕನ್ ಲಾವಾ ಆಂಧ್ರದ ರಾಜಮಹೇಂದ್ರವರಂ ತನಕ ಹರಿದಿತ್ತು. ಅಲ್ಲಿ ಲಾವಾದ ನಡುವೆ ಸಿಕ್ಕಿಕೊಂಡ ಸಮುದ್ರದ ಕೆಸರನ್ನು ಕೆಲ್ಲರ್ ತಂಡ ಪರೀಕ್ಷಿಸಿತು. ಲಾವಾ ಉಕ್ಕಿದ ಮುಖ್ಯ ಹಂತ ಮುಗಿದದ್ದು ಸಾಮೂಹಿಕ ಅಳಿವಿನ ಹೊತ್ತಿಗೇ ಅನ್ನೋದು ಅವರ ತೀರ್ಮಾನ.

ನಿಜ ಹೇಳಬೇಕಂದ್ರೆ ಕೊಲ್ಲೋದು ಲಾವಾ ಅಲ್ಲ, ಅದರ ಜೊತೆ ಬರೋ ಅನಿಲ. ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿ ಮಾಡಿ ಸಮುದ್ರವನ್ನು ಆಮ್ಲವಾಗಿಸುತ್ತೆ. ಗಂಧಕದ ಅನಿಲ ಆಮ್ಲಮಳೆ ತರುತ್ತೆ. ಸುಮಾರು 25 ಕೋಟಿ ವರ್ಷಗಳ ಹಿಂದಿನ, ಇನ್ನೂ ದೊಡ್ಡದಾದ ಪರ್ಮಿಯನ್ ಅಳಿವಿಗೆ ಸೈಬೀರಿಯಾದ ಇಂಥದೇ ಲಾವಾ ಕಾರಣ ಅಂತ ಹೆಚ್ಚಿನ ವಿಜ್ಞಾನಿಗಳು ಒಪ್ತಾರೆ.

ಡೆಕ್ಕನ್ ವಿಷಯದಲ್ಲಿ ಮಾತ್ರ ಜಗಳ ತಾರೀಖಿನದು. 2019ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ಕಾಲಗಣನೆ ಬಂದವು. ಕೆಲ್ಲರ್ ಇದ್ದ ತಂಡ, ಅಳಿವಿಗೆ ಕೆಲವು ಹತ್ತು ಸಾವಿರ ವರ್ಷ ಮೊದಲೇ ಒಂದು ದೊಡ್ಡ ಉಕ್ಕು ಶುರುವಾಗಿತ್ತು ಅಂದಿತು. ಬರ್ಕ್ಲಿಯ ತಂಡ, ಲಾವಾದ ಮುಕ್ಕಾಲು ಪಾಲು ಅಳಿವಿನ ನಂತರವೇ ಬಂದದ್ದು ಅಂದಿತು. ಇವತ್ತಿಗೂ ಹೆಚ್ಚಿನವರ ಬೆರಳು ಕ್ಷುದ್ರಗ್ರಹದ ಕಡೆಗೇ. ಆದ್ರೆ ಡೆಕ್ಕನ್ ಲಾವಾದ ವಯಸ್ಸನ್ನು ಇಷ್ಟು ಸೂಕ್ಷ್ಮವಾಗಿ ಅಳೆಯೋ ಹಾಗಾಗಿದ್ದು, ಒಪ್ಪದವರು ಪಟ್ಟು ಹಿಡಿದು ಪ್ರಶ್ನೆ ಕೇಳಿದ್ದರಿಂದಲೂ ಹೌದು.