ಕೆನರಾದಿಂದ ಕ್ಯಾಂಡಿಗೆ: ಮಿಷನರಿಯ ಬೆನ್ನಿಗೆ ನಿಂತವರು



ಕೆಲವು ವರ್ಷಗಳ ಹಿಂದೆ ಅಂಕೋಲಾ ಕಡೆಯ ಒಂದು ಧರ್ಮಕೇಂದ್ರದಲ್ಲಿ ಮಿಷನ್ ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ, ಮೀನು ಮಾರಿ ಜೀವನ ಸಾಗಿಸುವ ಒಬ್ಬ ವೃದ್ಧೆ ನನ್ನನ್ನು ತಡೆದು ನಿಲ್ಲಿಸಿದರು. "ಫಾದರ್, ನಾನು ಕಾಣಿಕೆ ಡಬ್ಬಿಗೆ ಹತ್ತು ರೂಪಾಯಿ ಹಾಕಿದೆ. ಅದು ಎಲ್ಲಿಗೆ ಹೋಗ್ತದೆ? ನಮ್ಮ ಚರ್ಚಿನ ಮಾಡೇ ಸೋರ್ತದಲ್ಲ?" ಎಂದು ಕೇಳಿದರು. "ದೂರದ ಬಡ ಧರ್ಮಸಭೆಗಳಿಗೆ ಹೋಗ್ತದೆ ಬಾಯಿ" ಎಂದೆ. ಉತ್ತರ ತಪ್ಪಲ್ಲ. ಆದರೆ ಅವರ ಮುಖ ನೋಡಿದರೆ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಲಿಲ್ಲ. ಮುಂದಿನ ಜನವರಿ 16ರಂದು ಸಂತ ಜೋಸೆಫ್ ವಾಜರ ಹಬ್ಬ ಬಂದಾಗ ಆ ಪ್ರಶ್ನೆಗೆ ಉತ್ತರ ಕೊಡಲು ಪ್ರಯತ್ನಿಸಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

ನಾವು ಮಿಷನ್ ಎಂದೊಡನೆ ಆಫ್ರಿಕವನ್ನೋ ಈಶಾನ್ಯ ಭಾರತವನ್ನೋ ನೆನೆಯುತ್ತೇವೆ. ಒಂದು ಕಾಲದಲ್ಲಿ ನಾವೇ ಮಿಷನ್ ಆಗಿದ್ದೆವು ಎಂಬುದು ಮರೆತುಹೋಗಿದೆ. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿ 1676ರಲ್ಲಿ ಗುರುದೀಕ್ಷೆ ಪಡೆದ ಜೋಸೆಫ್ ವಾಜರ ಮನಸ್ಸು ಲಂಕೆಯ ಕಡೆಗಿತ್ತು. ಅಲ್ಲಿಯ ಕಥೋಲಿಕರಿಗೆ ಒಬ್ಬ ಗುರುವೂ ಇಲ್ಲವೆಂದು ಅವರು ಕೇಳಿದ್ದರು. ಆದರೆ ಮೇಲಿನವರು ಅವರನ್ನು 1681ರಲ್ಲಿ ಕಳುಹಿಸಿದ್ದು ಕೆನರಾಕ್ಕೆ! ಅಂದರೆ ನಮ್ಮ ಕರಾವಳಿ ಅವರಿಗೆ ಲಂಕೆಯ ಬದಲಿಗೆ ಸಿಕ್ಕಿದ ಕೆಲಸ.

ಗೋವೆಯ ಗಡಿ ದಾಟಿದರೆ ಆಗ ಬೇರೆ ಅರಸರ ನಾಡು. ದಕ್ಷಿಣದ ಬಹುಭಾಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಭೂಮಾರ್ಗವಾಗಿ ಬರುವವರಿಗೆ ಕಾರವಾರದಲ್ಲಿ ಕಾಳಿ, ಅಂಕೋಲಾದಲ್ಲಿ ಗಂಗಾವಳಿ, ಮುಂದೆ ಅಘನಾಶಿನಿ, ಶರಾವತಿ. ಯಾವುದಕ್ಕೂ ಸೇತುವೆಯಿಲ್ಲ. (2024ರ ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಬಿದ್ದಾಗ ನಮಗೂ ಹೊಳೆ ದಾಟುವುದೆಂದರೆ ಏನೆಂದು ಒಮ್ಮೆ ನೆನಪಾಯಿತು.) ಹೊಳೆಗಿಂತ ಕಷ್ಟದ್ದು ಜನರೊಳಗಿನ ಬಿರುಕು. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರವನ್ನು ಒಪ್ಪುವವರು ಒಂದು ಕಡೆ, ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ಒಪ್ಪುವವರು ಇನ್ನೊಂದು ಕಡೆ. ಯಾರು ಕೊಟ್ಟ ಸಂಸ್ಕಾರ ಸಿಂಧು ಎಂಬ ಜಗಳದ ನಡುವೆ ವಾಜರು ಮೂರು ವರ್ಷ ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರಗಳ ಕಡೆ ಸೇವೆ ಮಾಡಿದರು. ಲಂಕೆಗೆ ಬೇಕಾದ ತಾಳ್ಮೆಯನ್ನು ಅವರು ಇಲ್ಲಿ ಕಲಿತರೆಂದು ನನ್ನ ಎಣಿಕೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಹಳೆ ಗೋವೆಯ ಒರೆಟರಿಯನ್ನು ಸೇರಿದರು. ಇದು ಗೋವೆಯ ಸ್ಥಳೀಯ ಗುರುಗಳೇ ಕಟ್ಟಿಕೊಂಡ ಬಳಗ. ಯುರೋಪಿನ ಸಭೆಗಳ ಬಾಗಿಲು ಆಗ ನಮ್ಮ ಜನರಿಗೆ ಹೆಚ್ಚುಕಡಿಮೆ ಮುಚ್ಚಿತ್ತು. ವಾಜರ ಹಿಂದೆ ನಿಂತದ್ದು ಈ ಚಿಕ್ಕ ಮನೆ.

1686ರಲ್ಲಿ ಹೊರಟು, ಕೆನರಾ ಮತ್ತು ಮಲಬಾರಿನ ಮೂಲಕ ತೂತುಕುಡಿ ಸೇರಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಯಾಳ್ಪಾಣ (ಜಾಫ್ನಾ) ಮುಟ್ಟಿದರು. ಜೊತೆಗಿದ್ದವನು ಮನೆಯ ಸೇವಕ ಜುವಾಂವ್ ಒಬ್ಬನೇ. ಪ್ರಯಾಣದಲ್ಲಿ ವಾಜರು ಹಾಸಿಗೆ ಹಿಡಿಯುವಷ್ಟು ಕಾಯಿಲೆ ಬಿದ್ದರು. ಡಚ್ಚರು 1658ರಲ್ಲಿ ಯಾಳ್ಪಾಣವನ್ನು ಗೆದ್ದು ಕಥೋಲಿಕ ಗುರುಗಳನ್ನು ಓಡಿಸಿದ್ದರು. ಯಾರು ಕಥೋಲಿಕರು ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಅದಕ್ಕೆ ವಾಜರು ಕೊರಳಿಗೆ ದೊಡ್ಡ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಕಣ್ಣರಳಿಸಿದವರು ಯಾರೆಂದು ಗಮನಿಸಿದರು.

ಈ ಘಟನೆಯನ್ನು ಪ್ರವಚನಗಳಲ್ಲಿ ವಾಜರ ಜಾಣ್ಮೆಗೆ ಸಾಕ್ಷಿಯಾಗಿ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಆದರೆ ಆ ಮನೆಯವರನ್ನು ಸ್ವಲ್ಪ ಯೋಚಿಸಿ ನೋಡಿ. ಸುಮಾರು ಮೂವತ್ತು ವರ್ಷ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಕದ ಮುಚ್ಚಿ, ದನಿ ತಗ್ಗಿಸಿ ಪ್ರಾರ್ಥಿಸುತ್ತ ಬಂದಿದ್ದರಿಂದಲೇ ಆ ಸರ ಏನೆಂದು ಅವರಿಗೆ ಗೊತ್ತಾಯಿತು. ಇಲ್ಲದಿದ್ದರೆ ಅದು ಬರೀ ಮಣಿಸರ. ಮಿಷನರಿ ಬರುವ ಮೊದಲೇ ಪ್ರಾರ್ಥನೆ ಅಲ್ಲಿಗೆ ಬಂದಿತ್ತು. ಮುಂದೆ ಸಿಲ್ಲಾಲೈ ಹಳ್ಳಿಯವರು ಅವರನ್ನು ಬಚ್ಚಿಟ್ಟು ಸಾಕಿದರು. ಡಚ್ಚರು ದಾಳಿ ಮಾಡಿದಾಗ ವಾಜರು ಪಾರಾದರು. ಏಟು ತಿಂದು ಸೆರೆಗೆ ಹೋದವರು ಈ ಜನಸಾಮಾನ್ಯರು. ಇವರಿಗೆ ಹಬ್ಬವಿಲ್ಲ, ಪ್ರತಿಮೆಯಿಲ್ಲ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರರೆಂದು ಅರಸ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಬಂಧನದಲ್ಲಿಟ್ಟ. 1696ರವರೆಗೆ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಅವರ ಪತ್ರಗಳು ಗೋವೆಗೆ ಬರುತ್ತಿದ್ದವು. 1696ರಲ್ಲಿ ಒರೆಟರಿಯಿಂದ ಜೋಸೆಫ್ ದೆ ಮೆನೆಜಿಸ್ ಮತ್ತು ವಾಜರ ಸೋದರಳಿಯ ಜೋಸೆಫ್ ಕಾರ್ವಾಲ್ಹೊ ಬಂದು ಸೇರಿದರು. ಮರುವರ್ಷ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಹೆತ್ತವರೇ ಮಕ್ಕಳನ್ನು ಬಿಟ್ಟು ಓಡಿದಾಗ, ರೋಗಿಗಳನ್ನು ತೊಳೆದು ಗಂಜಿ ಕುಡಿಸಿದವರು ಮಾವ–ಅಳಿಯ ಇಬ್ಬರು. 1705ರಲ್ಲಿ ದಿವಾಡಿಯ ಜಾಕೊಮ್ ಗೊನ್ಸಾಲ್ವಿಸ್ ಬಂದರು. ಸಿಂಹಳ ಕಥೋಲಿಕ ಸಾಹಿತ್ಯಕ್ಕೆ ಬುನಾದಿ ಹಾಕಿದರು. 1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ತೀರಿಕೊಂಡಾಗ ಕೆಲಸ ನಿಲ್ಲಲಿಲ್ಲ. ಹಿಂದೆ ಒಂದು ಮನೆ ನಿಂತಿತ್ತು. ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತ ಪದವಿಗೇರಿಸಿದ್ದು ಒಬ್ಬರನ್ನು; ಆ ಮನೆಯವರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಸಂತ ಪೌಲರಿಗೂ ಹೀಗೆಯೇ. ಅವರು ಥೆಸಲೋನಿಕದಲ್ಲಿದ್ದಾಗ ಒಂದಕ್ಕಿಂತ ಹೆಚ್ಚು ಸಲ ನೆರವು ಕಳುಹಿಸಿದ್ದು ಫಿಲಿಪ್ಪಿಯ ಸಭೆ. ಮುಂದೆ ಸೆರೆಯಲ್ಲಿದ್ದಾಗ ಅದೇ ಸಭೆಯ ಕಾಣಿಕೆ ಹೊತ್ತು ಹೋದ ಎಪಫ್ರೊದೀತನು ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋಗಿ ಬಂದ.

ಇನ್ನು ಆ ಹತ್ತು ರೂಪಾಯಿ. ಅದರ ಮೂಲ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿದೆ. ಪೌಲೀನ್ ಜಾರಿಕೊ ಎಂಬ ಯುವತಿ ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪು ಮಾಡಿದಳು. ಪ್ರತಿಯೊಬ್ಬಳೂ ದಿನಕ್ಕೊಂದು ಪ್ರಾರ್ಥನೆ, ವಾರಕ್ಕೊಂದು ಸೂ, ಅಂದರೆ ಅಲ್ಲಿಯ ಚಿಲ್ಲರೆ ಕಾಸು, ಕೊಡಬೇಕು. ಕೂಲಿಯವರಿಗೆ ಅದೂ ಭಾರವೇ. 1822ರಲ್ಲಿ ಇದು ವಿಶ್ವಾಸ ಪ್ರಸಾರ ಸಂಘವಾಯಿತು. ಮೊದಲ ಹಣ ಹೋದದ್ದು ಏಷ್ಯಾದ ಮಿಷನ್‌ಗಳಿಗೆ ಮತ್ತು ಅಮೆರಿಕಕ್ಕೆ. ಹೌದು, ಅಮೆರಿಕಕ್ಕೆ! 1926ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಮಿಷನ್ ಭಾನುವಾರವನ್ನು ಸ್ಥಾಪಿಸಿದ್ದು ಇದೇ ಸಂಘದ ಕೋರಿಕೆಯ ಮೇರೆಗೆ. ಕೊನೆಗಾಲದಲ್ಲಿ ಸಾಲದಲ್ಲಿ ಮುಳುಗಿ, ಕಡುಬಡತನದಲ್ಲಿ ತೀರಿಕೊಂಡ ಪೌಲೀನ್‌ಳನ್ನು 2022ರಲ್ಲಿ ಧರ್ಮಸಭೆ ಪುನೀತಳೆಂದು ಘೋಷಿಸಿತು.

ಆ ಹಬ್ಬದ ಪ್ರವಚನ ಮುಗಿದ ಮೇಲೆ ಅದೇ ವೃದ್ಧೆ ಮತ್ತೆ ಬಂದರು. ಮಾಡಿನ ಮಾತು ಎತ್ತಲಿಲ್ಲ. (ಅದು ಮುಂದಿನ ಮಳೆಗಾಲಕ್ಕೆ ಮೊದಲು ರಿಪೇರಿಯಾಯಿತು, ಊರವರೇ ಹಣ ಕೂಡಿಸಿದರು.) ಅವರ ತಂಗಿಯ ಮಗಳೊಬ್ಬಳು ಧರ್ಮಕನ್ಯೆಯಾಗಿ ಆಫ್ರಿಕದಲ್ಲಿದ್ದಾಳಂತೆ. ರಾತ್ರಿ ಜಪಸರ ಹೇಳುವಾಗ ಅವಳ ಊರಿನ ಹೆಸರು ಬಾಯಿಗೆ ಬರುವುದಿಲ್ಲ, "ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ ಫಾದರ್, ಮೊಮ್ಮಗ ಓದಿ ಹೇಳ್ತಾನೆ" ಎಂದರು. ಮನೆಯವರಿಗೆ ಫೋನು ಮಾಡಿ ಊರಿನ ಹೆಸರು ಕೇಳಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆ.